ಅತ್ತೆಯ ಮಂಚದ ಕೆಳಗಿನ ಎರಡು ಚಕ್ರ

ಸ್ಪ್ಯಾನರಕ್ಕನಿಗೆ ಬರಬೇಕಾದ ಹದಿಮೂರು ವಾರದ ಕೂಲಿ ಒಂಬತ್ತು ವರ್ಷವಾದರೂ ಬಂದಿಲ್ಲ. ಕೂಲಿ ಹಾಳಾಗಲಿ, ಅದಕ್ಕಿಂತ ದೊಡ್ಡ ಬಾಕಿ ಒಂದು ಕಾಗದದ್ದು. ಕೆಲಸದಿಂದ ತೆಗೆದಾಗ ಯಜಮಾನ ಕೊಟ್ಟ ಕಾಗದದಲ್ಲಿ ‘ಅಜಾಗರೂಕತೆಯಿಂದ ಗಿರಾಕಿಯ ಕಾಲು ಮುರಿಯಲು ಕಾರಣಳಾದವಳು’ ಎಂದು ಬರೆದಿದೆ. ಅವಳು ಅದನ್ನು ಹರಿದುಹಾಕಿಲ್ಲ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಸ್ಪ್ಯಾನರ್‌ಗಳ ಪಕ್ಕದ ಮೊಳೆಗೆ ನೇತುಹಾಕಿದ್ದಾಳೆ. ಒಳಗಿನ ಕೆಂಡ ಆರಬಾರದೆಂದರೆ ದಿನಾ ಊದಬೇಕು.

ದೊಡ್ಡ ಸರ್ವಿಸ್ ಶೆಡ್ಡಿನಲ್ಲಿ ಹದಿನಾರು ವರ್ಷ ಕಾರುಗಳ ಹೊಟ್ಟೆಯಡಿ ಮಲಗಿ ದುಡಿದವಳು ಅವಳು. ಯಜಮಾನನ ಭಾಮೈದನೂ ಅಲ್ಲೇ ಇದ್ದ. ಭಾವನ ಶೆಡ್ಡು ಅನ್ನುವುದೇ ಅವನಿಗೆ ಬರುತ್ತಿದ್ದ ಕಸುಬು. ಅವನು ಹಿಂದಿನ ಬ್ರೇಕ್ ಬಿಚ್ಚಿ ಮತ್ತೆ ಜೋಡಿಸಿದ ಕಾರೊಂದು ನಿಲ್ಲದೆ ಹೋಗಿ ಗೋಡೆಗೆ ಗುದ್ದಿತು, ಗಿರಾಕಿಯ ಕಾಲು ಮುರಿಯಿತು. ಜಜ್ಜಿದ ಕಾರಿನ ಚಕ್ರ ತೆಗೆದು ಶೆಡ್ಡಿನ ಆರು ಜನ ಕೆಲಸಗಾರರೆದುರು ತಪ್ಪೇನೆಂದು ಅವಳು ತೋರಿಸಿದಳು. ಮರುದಿನ ಆ ಕಾರು ಗುಜರಿ ಸೇರಿತ್ತು, ಕೆಲಸದ ಚೀಟಿಯಲ್ಲಿ ಇವಳ ಹೆಸರು ಕೂತಿತ್ತು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದ್ದು ಅವನು, ಉಂಡದ್ದು ಇವಳು.

ಅವಳ ಜೊತೆ ನಾವು ಸಂಘದವರು ಶೆಡ್ಡಿನ ಗೇಟಿನ ಮುಂದೆ ನಲವತ್ತೊಂದು ದಿನ ಕೂತೆವು. ಬ್ಯಾನರಿನ ಅಕ್ಷರಗಳು ಬಿಸಿಲಿಗೆ ಬಿಳಿಚಿಕೊಂಡವು. ಆ ಆರು ಜನ ತಲೆ ತಗ್ಗಿಸಿ ನಮ್ಮ ಮುಂದೆಯೇ ಒಳಗೆ ಹೋದರು. ಸೋತೆವು. ಯಾವ ಗ್ಯಾರೇಜೂ ಅವಳನ್ನು ಸೇರಿಸಲಿಲ್ಲ. ಕೊನೆಗೆ ಮನೆಯ ಹಿಂದೆ ತಗಡಿನ ಮಾಡು ಇಳಿಸಿ, ಗಂಡನ ಹೊಲಿಗೆ ಯಂತ್ರವನ್ನು ಮೂಲೆಗೆ ಸರಿಸಿ, ತನ್ನದೇ ಕೆಲಸ ಶುರುಮಾಡಿದಳು. ಒಳಗೆ ಬೇಜಾರೆಂದು ಅತ್ತೆ ತನ್ನ ಮಂಚವನ್ನೂ ಅಲ್ಲಿಗೇ ಹಾಕಿಸಿಕೊಂಡಳು.

ಕಳೆದ ತಿಂಗಳು ಒಂದು ಬೆಳಗ್ಗೆ ಹಳೇ ಸಣ್ಣ ಕಾರೊಂದನ್ನು ಹಗ್ಗ ಕಟ್ಟಿ ಎಳೆದು ತಂದರು. ಇಳಿದವನು ಯಜಮಾನ. ಶೆಡ್ಡೂ ಹೋಗಿ ಕೂದಲೂ ಹೋಗಿ ಬರೀ ಮುದುಕನಾಗಿದ್ದ.

“ಚೆನ್ನಾಗಿದೀಯೇನಮ್ಮ?”

“ನೀವು ಮಾಡಿಟ್ಟಷ್ಟು ಚೆನ್ನಾಗಿದೀನಿ. ಗಾಡಿಗೇನಾಗಿದೆ?”

ಮೊಮ್ಮಗಳನ್ನು ಶಾಲೆಗೆ ಬಿಡುವ ಗಾಡಿ, ಬ್ರೇಕ್ ಗಟ್ಟಿಯಿರಲಿ ಎಂದು ಹಿಂದಿನ ಸಣ್ಣ ಡಿಸ್ಕ್ ತೆಗೆಸಿದ್ದನಂತೆ. ದೊಡ್ಡ ಡಿಸ್ಕನ್ನೂ ಅದನ್ನು ಇಕ್ಕಳದಂತೆ ಕಚ್ಚಿ ಹಿಡಿಯುವ ಕ್ಯಾಲಿಪರನ್ನೂ ಹಾಕಿಸಿದ್ದನಂತೆ. ಅಂದಿನಿಂದ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತಿತ್ತು. ಎರಡು ಗ್ಯಾರೇಜಿನವರು ಬ್ರೇಕ್ ಆಯಿಲ್ ಸುರಿದು ಸುರಿದು ಕೈಚೆಲ್ಲಿದ್ದರು.

ಅವಳು ಕಾರನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ ಹಿಂದಿನ ಎರಡು ಚಕ್ರ ಬಿಚ್ಚಿದಳು. ಟಾರ್ಚ್ ಬಿಟ್ಟು ನೋಡಿದಳು. ಒಂದೇ ನೋಟಕ್ಕೆ ತಿಳಿಯಿತು. ಫೋನಿನಲ್ಲಿ ನಾಲ್ಕು ಫೋಟೊ ತೆಗೆದು ಜೇಬಿಗೆ ಹಾಕಿಕೊಂಡಳು.

“ಗಾಳಿ ಸೇರಿದೆ, ತೆಗೀಬೇಕು. ನಂಗೆ ಕೈಯಾಳಿಲ್ಲ. ನೀವೇ ಕೂತು ಪೆಡಲ್ ಒತ್ತಿ.”

ಮೂಲೆಯಲ್ಲಿ ಹೊಲಿಯುತ್ತಿದ್ದ ಗಂಡ ತಲೆಯೆತ್ತಿ, ಹೆಂಡತಿಯ ಮುಖ ನೋಡಿ, ಮತ್ತೆ ತಗ್ಗಿಸಿದ.

“ನಾನಾ?” ಎಂದ ಯಜಮಾನ.

“ನಿಮ್ಮ ಕಾಲೇನೂ ಮುರಿದಿಲ್ಲ ತಾನೆ?”

ಯಜಮಾನ ಸ್ಟೀರಿಂಗ್ ಹಿಂದೆ ತೂರಿಕೊಂಡ. ಅವಳು ಕೆಳಗೆ ಮಲಗಿದಳು.

“ಒತ್ತಿ. ಹಂಗೇ ಹಿಡ್ಕೊಳ್ಳಿ. ನಾನು ಹೇಳೋವರೆಗೂ ಬಿಡಬೇಡಿ. ಈಗ ಬಿಡಿ. ಮತ್ತೆ ಒತ್ತಿ. ಅತ್ತೆ, ನಲವತ್ತೊಂದು ಎಣಿಸಿ.”

ಯಜಮಾನನ ಅಂಗಿ ಬೆನ್ನಿಗೆ ಅಂಟಿತು. ತೊಡೆ ನಡುಗತೊಡಗಿತು.

“ಮೂವತ್ತಾರೋ ಮೂವತ್ತೇಳೋ, ತಪ್ಪೋಯ್ತಲ್ಲ,” ಎಂದಳು ಮುದುಕಿ ಮಂಚದಿಂದ. “ಮೊದಲಿಂದ ಬರ್ಲಿ. ಒಂದು.”

“ಸಾಕು ತಾಯಿ, ಕಾಲು ಬಿದ್ದೋಯ್ತು.”

“ನನ್ನ ಸೊಸೆ ನಿನ್ನ ಗೇಟಲ್ಲಿ ಕೂತಿದ್ದೂ ನಲವತ್ತೊಂದು ದಿನಾನೇ. ಒತ್ತಪ್ಪ.”

ಎರಡನೇ ಸುತ್ತು ಮುಗಿದರೂ ಪೆಡಲ್ ಮೊದಲಿನಷ್ಟೇ ಮೆತ್ತಗಿತ್ತು. ಅವಳು ಅವನನ್ನು ಇಳಿಸಿ, ನೆಲಕ್ಕೆ ಮಂಡಿಯೂರಿಸಿ ತೋರಿಸಿದಳು.

“ಇದು ಗಾಳಿ ಬಿಡೋ ನಿಪ್ಪಲ್. ಮೇಲಿರಬೇಕು. ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದಾರೆ, ಅದಕ್ಕೇ ಕೆಳಗೆ ಬಂದಿದೆ. ಗಾಳಿ ಮೇಲೆ ಸೇರ್ಕೊಳ್ಳುತ್ತೆ. ಕಳ್ಳ ಅಟ್ಟದಲ್ಲಿದ್ರೆ ನೆಲಮಾಳಿಗೆ ಬಾಗಿಲು ತೆಗೆದು ಏನು ಬಂತು? ಸಾವಿರ ಸಲ ಒತ್ತಿದ್ರೂ ಬರೋದು ಬರೀ ಎಣ್ಣೆ.”

“ಗೊತ್ತಿದ್ದೂ ನನ್ನ ಕೈಲಿ ಯಾಕೆ ಒತ್ತಿಸ್ದೆ?”

“ಹಂಗೇ. ಯಾರು ಹಾಕಿದ್ದು ಇದನ್ನ?”

ಯಜಮಾನ ಅಂಗೈಯ ಗ್ರೀಸ್ ನೋಡಿಕೊಂಡ. “ನಮ್ಮ ಭಾಮೈದ.”

“ಆವತ್ತಿನ ಕಾರಿಗೆ?”

“ಹಳೇದೆಲ್ಲ ಈಗ್ಯಾಕಮ್ಮ.”

“ನಂಗೆ ದಿನಾ ಹೊಸದೇ. ಆವತ್ತೂ ಇದೇ ತಪ್ಪು, ಇದೇ ಕೈ. ಬರೆದುಕೊಡಿ.”

“ಅವನಕ್ಕ ನನ್ನ ಮನೇಲಿದಾಳೆ ಕಣೇ. ಬರೆದ್ರೆ ನನ್ನನ್ನ ಒಳಗೆ ಸೇರಿಸ್ತಾಳಾ?”

ಮಧ್ಯಾಹ್ನದೊಳಗೆ ಅವಳು ಕ್ಯಾಲಿಪರ್‌ಗಳನ್ನು ಅದಲುಬದಲು ಮಾಡಿದಳು. ಈ ಸಲ ಪೆಡಲ್ ಒತ್ತಿದವನು ಗಂಡ. ಹೊಲಿಗೆ ಯಂತ್ರ ತುಳಿದ ಕಾಲು, ಹತ್ತೇ ಒತ್ತಿಗೆ ಗಾಳಿಯೆಲ್ಲ ಹೋಗಿ ಪೆಡಲ್ ಕಲ್ಲಾಯಿತು. ಮೊಮ್ಮಗಳ ಮೇಲೆ ಅವಳಿಗೆ ಹಗೆಯಿಲ್ಲ. ಆದರೆ ಚಕ್ರ ಹಾಕಲಿಲ್ಲ. ಎರಡನ್ನೂ ಉರುಳಿಸಿಕೊಂಡು ಹೋಗಿ ಅತ್ತೆಯ ಮಂಚದ ಕೆಳಗೆ ತಳ್ಳಿದಳು.

“ಕಾಗದ ತನ್ನಿ, ಚಕ್ರ ತಗೊಂಡೋಗಿ.”

“ಪೊಲೀಸ್ ಕರೀತೀನಿ.”

“ಕರೀರಿ. ಠಾಣೇಲಿ ಪೆನ್ನೂ ಸಿಗುತ್ತೆ.”

ಮೂರು ವಾರವಾಯಿತು. ಪೊಲೀಸರೂ ಬಂದಿಲ್ಲ, ಕಾಗದವೂ ಬಂದಿಲ್ಲ. ಆವತ್ತು ಏನಾಯಿತೆಂದು ಯಾರಿಗೂ ನೆನಪಿಲ್ಲ ಎಂದು ಯಜಮಾನ ಹೇಳಿಕಳಿಸಿದ್ದಾನೆ.

ಆರು ಜನರಿಗೆ ನೆನಪಿದೆ. ನೀವು ಆ ಆರರಲ್ಲಿ ಒಬ್ಬರೇ? ಆಗ ಸಂಬಳದ ಭಯವಿತ್ತು. ಈಗ ಶೆಡ್ಡೇ ಇಲ್ಲ, ಯಾವ ನೆಪ ಹೇಳುತ್ತೀರಿ? ಆ ಜಜ್ಜಿದ ಕಾರಿನಲ್ಲಿ ಕಂಡದ್ದನ್ನು ಒಂದೇ ಸಾಲಲ್ಲಿ ಬರೆಯಿರಿ, ಕೆಳಗೆ ಸಹಿ ಹಾಕಿ, ತಂದು ಆ ಮುದುಕಿಯ ಕೈಗೆ ಕೊಡಿ. ನೀವಲ್ಲದಿದ್ದರೆ, ಆ ಆರರಲ್ಲಿ ನಿಮಗೆ ಗೊತ್ತಿರುವವನ ರಟ್ಟೆ ಹಿಡಿದು ಎಳೆದುಕೊಂಡು ಬನ್ನಿ.