ಹಣಿಗೆ ಹಿಡಿದು ಕೇಳಿದವಳು

ಬಸುರಿ ಹೆಣ್ಣೊಬ್ಬಳ ಗುಟ್ಟನ್ನು ಆಕೆಯ ಗಂಡನ ಮೊಬೈಲಿಗೆ ಕಳಿಸಿದವರು ನೀವು: ಆ ಆ್ಯಪ್ ರೂಪಿಸಿದವರು, ಅದಕ್ಕೆ ಸಹಿ ಹಾಕಿದವರು, ವೇದಿಕೆಯ ಮೇಲೆ ಅದನ್ನು ಉದ್ಘಾಟಿಸಿ ಚಪ್ಪಾಳೆ ಹೊಡೆಸಿಕೊಂಡವರು. ಶಿಕ್ಷೆ ಅನುಭವಿಸಿದವಳು ಮಾತ್ರ ಸಿದ್ದಾಪುರದ ನಮ್ಮ ಓಣಿಯ ಆಶಾ ಕಾರ್ಯಕರ್ತೆ.

ಆಕೆಯ ಬಲಗೈ ಹೆಬ್ಬೆರಳು ವರ್ಷಗಟ್ಟಲೆ ಭತ್ತದ ಸಸಿ ನಾಟಿ ಮಾಡಿ ಜಡ್ಡುಗಟ್ಟಿ ಸೀಳು ಬಿಟ್ಟಿತ್ತು. ಕೆಲಸಕ್ಕೆಂದು ಕೊಟ್ಟ ಫೋನಿನ ಗಾಜು ಆ ಬೆರಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಕಾದ ಹಂಚು ಮುಟ್ಟಿ ನೋಡುವವಳಂತೆ ಕಿರುಬೆರಳಿನಿಂದ ಮೆಲ್ಲಗೆ ಒತ್ತುತ್ತಿದ್ದಳು. "ಇದಕ್ಕ ದುಡಿಯೋ ಕೈ ಆಗಿಬರೂದಿಲ್ಲ ನೋಡು ತಂಗಿ" ಎಂದು ನಗುತ್ತಿದ್ದಳು. ನಾವೆಲ್ಲ ಆಕೆಯನ್ನು ಆಶಾ ಅಕ್ಕ ಎನ್ನುತ್ತಿದ್ದೆವು.

ಗರ್ಭಿಣಿಯರು ತಂಬಾಕು, ಮದ್ಯ ಬಳಸುತ್ತಾರೆಯೇ, ಲೈಂಗಿಕ ಸೋಂಕಿನ ಲಕ್ಷಣಗಳಿವೆಯೇ ಎಂದು ಕೇಳಿ, ಅಪಾಯವಿರುವವರಿಗೆ ಧ್ವನಿಸಂದೇಶದಲ್ಲಿ ಸಲಹೆ ನೀಡುವ ಯೋಜನೆ ಅದು. ಉದ್ದೇಶವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅತ್ತೆ ಪಕ್ಕದಲ್ಲೇ ಅಕ್ಕಿ ಆರಿಸುತ್ತ ಕುಳಿತಿರುವಾಗ, "ನಿಮ್ಮ ಜನನಾಂಗದಲ್ಲಿ ಹುಣ್ಣುಗಳಿವೆಯೇ?" ಎಂದು ಪರದೆ ನೋಡಿ ಓದಿದರೆ ಯಾವ ಸೊಸೆ ಹೌದೆನ್ನುತ್ತಾಳೆ? ಎಲ್ಲದಕ್ಕೂ 'ಇಲ್ಲ' ಒತ್ತಿ ಮುಗಿಸುವುದೇ ರೂಢಿಯಾಯಿತು. ಮೇಲಿನವರಿಗೂ ಆ 'ಇಲ್ಲ'ಗಳೇ ಹಿತವಾಗಿದ್ದವು.

ಅಕ್ಕನ ರೀತಿ ಬೇರೆ. ಬಸುರಿಯನ್ನು ಹಿತ್ತಲಿಗೆ ಕರೆದೊಯ್ದು, ಮುಂದೆ ಕೂರಿಸಿಕೊಂಡು, ಹಣಿಗೆ ಹಿಡಿದು ತಲೆ ಬಾಚುತ್ತಿದ್ದಳು. "ಮಾರಿ ನೋಡಿ ಕೇಳಿದ್ರ ಸುಳ್ಳು ಹೇಳ್ತಾರ. ತಲಿ ಹಿಕ್ಕೋತ ಕೇಳಿದ್ರ ಖರೇ ಹೇಳ್ತಾರ" ಎನ್ನುತ್ತಿದ್ದಳು. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಸಂಶೋಧನಾ ವಿಧಾನ ಓದಿದ ನನಗೆ ಯಾರೂ ಕಲಿಸದ ಪಾಠವಿದು.

ಐದು ತಿಂಗಳ ಬಸುರಿಯಾಗಿದ್ದ ನನ್ನ ಅತ್ತಿಗೆಯ ತಲೆಯನ್ನೂ ಒಂದು ಮಧ್ಯಾಹ್ನ ಹಾಗೆಯೇ ಬಾಚಿದಳು. ನಾನು ಅಲ್ಲೇ ಬಟ್ಟೆ ಒಗೆಯುತ್ತಿದ್ದೆ.

"ಯಕ್ಕಾ, ಹೇನು ಅದಾವೇನು?"

"ಅದಾವ ಬಿಡು, ಸರ್ಕಾರಕ್ಕ ಹೇಳೂದಿಲ್ಲ. ತಂಬಾಕಿನ ಪುಡಿ ಹಲ್ಲಿಗೆ ತಿಕ್ಕೂದು ಬಿಟ್ಟೀಯೇನು?"

"ವಾಂತಿ ಬಂದಂಗ ಆಗತೈತಿ, ಅದಕ್ಕ..."

"ಒಂದು ಲವಂಗ ಇಟ್ಕೊ ಬಾಯಾಗ. ಮತ್ತ, ಕೆಳಗ ಉರಿ ಗಿರಿ?"

ಹಣಿಗೆ ಆಡುತ್ತಲೇ ಇತ್ತು. "ಉರಿ ಐತಿ ಯಕ್ಕಾ. ಹುಣ್ಣೂ ಆಗ್ಯಾವ. ಅವರಿಗೆ ಮೊದಲ ಆಗಿದ್ವು."

ಅವರೆಂದರೆ ನನ್ನ ಅಣ್ಣ. ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಗುಮಾಸ್ತ.

ಅಕ್ಕ ನಿಜವನ್ನೇ ದಾಖಲಿಸಿದಳು. ದೂರವಾಣಿ ಸಂಖ್ಯೆ ಬರೆಯದೆ ಪುಟ ಮುಂದೆ ಹೋಗುತ್ತಿರಲಿಲ್ಲ. ಅತ್ತಿಗೆಗೆ ಸ್ವಂತ ಫೋನಿರಲಿಲ್ಲ. ಅಕ್ಕ ತನ್ನ ಸಂಖ್ಯೆ ಹಾಕಿದರೆ, ಅದು ಈಗಾಗಲೇ ಬಳಕೆಯಾಗಿದೆ ಎಂದು ಯಂತ್ರ ತಿರಸ್ಕರಿಸಿತು. ಮೇಲ್ವಿಚಾರಕಿಗೆ ಕರೆ ಮಾಡಿದಳು. ನಾನೂ ಕೇಳಿಸಿಕೊಂಡೆ: "ಗಂಡಂದು ಹಾಕವಾ, ಎಲ್ಲಾ ಗುಪ್ತ ಇರತೈತಿ."

ಮೂರನೆಯ ದಿನ ಗಿರಣಿಯ ಮುಂದಿನ ಚಹಾದಂಗಡಿಯಲ್ಲಿ ಅಣ್ಣನ ಫೋನು ಮೊಳಗಿತು. ಹಮಾಲರ ನಡುವೆ ಕುಳಿತು ಸ್ಪೀಕರ್ ಹಾಕಿದ. ಹೆಣ್ಣುದನಿಯೊಂದು ಅತ್ತಿಗೆಯ ಹೆಸರು ಹಿಡಿದು, ಆಕೆಗೆ ಲೈಂಗಿಕ ಸೋಂಕಿರುವ ಸಾಧ್ಯತೆಯಿದೆ ಎಂದು ಶುದ್ಧ ಕನ್ನಡದಲ್ಲಿ ಸಾರಿತು.

ರೋಗ ತಂದವನು ಮನೆಗೆ ಬಂದು ರೋಗಿಯ ಜಡೆ ಹಿಡಿದೆಳೆದ. "ಯಾರ ಕೂಡ ಇದ್ದಿ, ಹೇಳಬೇ!" ಅವ್ವ ಬಾಗಿಲು ಹಾಕಿದಳು, ಓಣಿಗೆ ಕೇಳಿಸದಿರಲೆಂದು. ನಾನು ನಡುವೆ ಹೋದೆ. ಆದರೆ ನನಗೆ ಗೊತ್ತಿದ್ದ ಸತ್ಯವನ್ನು ಆಡಲಿಲ್ಲ. ಆ ಮನೆಯ ಬಗ್ಗೆ, ನನ್ನ ಬಗ್ಗೆ ಅಂದು ಹುಟ್ಟಿದ ಹೇಸಿಗೆ ಇನ್ನೂ ಇಳಿದಿಲ್ಲ.

ಗದ್ದಲ ಕೇಳಿ ಅಕ್ಕ ಓಡಿ ಬಂದಳು. ಸಂಗತಿ ತಿಳಿದದ್ದೇ, ಅಣ್ಣನ ಮುಖದ ಮುಂದೆ ತನ್ನ ಸೀಳುಬಿಟ್ಟ ಹೆಬ್ಬೆರಳು ಹಿಡಿದಳು.

"ತಪ್ಪು ನಂದು ತಮ್ಮಾ. ಬ್ಯಾರೆ ಊರಿನ ಬಸುರೀದು ಇವಳ ಹೆಸರಿಗೆ ಬಿತ್ತು. ಈ ಹಾಳ ಬೆರಳು ನೋಡು, ಒಂದು ಒತ್ತಿದ್ರ ಇನ್ನೊಂದು ಹತ್ತತೈತಿ. ಆಕಿನ್ನ ಬಿಡು."

ಅಣ್ಣ ಜಡೆ ಬಿಟ್ಟ. ಮುಂದಿನ ವಾರ ಅಕ್ಕ, ಬಸುರಿಯ ತಪಾಸಣೆಗೆ ಗಂಡನ ರಕ್ತವೂ ಬೇಕು ಎಂಬ ನೆಪ ಹೇಳಿ ಇಬ್ಬರನ್ನೂ ಗಂಗಾವತಿಗೆ ಕರೆದೊಯ್ದು ಚಿಕಿತ್ಸೆ ಕೊಡಿಸಿದಳು. ಮಗು ಆರೋಗ್ಯವಾಗಿ ಹುಟ್ಟಿತು.

ಆದರೆ ಅಷ್ಟರಲ್ಲಿ ಅಣ್ಣ ತನ್ನ ಮಾನ ಹೋಯಿತೆಂದು ದೂರು ಕೊಟ್ಟಿದ್ದ. ಸೋಂಕಿಗೆ ಮಾತ್ರೆ ನುಂಗಿದ ಮೇಲೂ ಅದನ್ನು ಹಿಂತೆಗೆದುಕೊಳ್ಳಲಿಲ್ಲ. ತಪ್ಪು ಮಾಹಿತಿ ದಾಖಲಿಸಿದ ಆರೋಪದ ಮೇಲೆ ಅಕ್ಕನನ್ನು ಕೆಲಸದಿಂದ ತೆಗೆದು, ಫೋನು ಕಿತ್ತುಕೊಂಡರು. ಗಂಡನ ಸಂಖ್ಯೆ ಹಾಕೆಂದ ಮೇಲ್ವಿಚಾರಕಿ ವಿಚಾರಣೆಯಲ್ಲಿ ತಲೆಯೆತ್ತಲಿಲ್ಲ. ಅಕ್ಕನೂ ದಾಖಲೆ ನಿಜವೆಂದು ಬಾಯಿಬಿಡಲಿಲ್ಲ. ಯಾಕೆಂದು ಕೇಳಿದರೆ, "ಖರೇ ಹೇಳಿದ್ರ ನನ್ನ ಕೆಲಸ ಉಳೀತಿತ್ತು. ಆ ಹುಡುಗಿ ಎಲ್ಲಿಗೆ ಹೋಗಬೇಕು?" ಎಂದಳು.

ಅತ್ತಿಗೆ ಈಗ ಅಣ್ಣನನ್ನು ಬಿಟ್ಟು, ಮಗುವಿನೊಂದಿಗೆ ಕುಕನೂರಿನ ತವರಿನಲ್ಲಿದ್ದಾಳೆ. ಹೊಲಿಗೆ ಮಾಡಿ ಬದುಕುತ್ತಿದ್ದಾಳೆ. "ಬರಿ, ನಂದೇನೂ ಮುಚ್ಚಬ್ಯಾಡ. ಅಕ್ಕನ ಮ್ಯಾಲಿನ ಸುಳ್ಳು ತೊಳಿ" ಎಂದು ಆಕೆಯೇ ಹೇಳಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಅಕ್ಕ ಮತ್ತೆ ಗದ್ದೆಯ ಕೆಸರಿಗಿಳಿದಿದ್ದಾಳೆ.

ಆದ್ದರಿಂದ ಸಂಬಂಧಪಟ್ಟ ಅಧಿಕಾರಿಗಳಲ್ಲಿ ನನ್ನ ವಿನಂತಿ: ಹೆಂಡತಿಯ ಗುಟ್ಟು ಗಂಡನ ಫೋನಿಗೆ ಹೋಗುವ ಏರ್ಪಾಡನ್ನು ಒಪ್ಪಿದವರು ಯಾರೆಂದು ತಿಳಿಸಿ. ಆ ಏರ್ಪಾಡನ್ನು ತಕ್ಷಣ ನಿಲ್ಲಿಸಿ. ಆಶಾ ಅಕ್ಕನ ದಾಖಲೆ ಸರಿಯಾಗಿತ್ತೆಂದು ಒಪ್ಪಿಕೊಂಡು ಕೆಲಸವನ್ನು ಮರಳಿಸಿ. ಉತ್ತರವನ್ನು ಲಿಖಿತವಾಗಿ, ಆಕೆಯ ಕೈಗೇ ಮುಟ್ಟಿಸಿ. ದಯವಿಟ್ಟು ಕರೆ ಮಾಡಬೇಡಿ. ಅಕ್ಕನ ಮನೆಯಲ್ಲಿ ಈಗ ಉಳಿದಿರುವ ಒಂದೇ ಫೋನೂ ಗಂಡನ ಕಿಸೆಯಲ್ಲಿದೆ.