ಲೀಲತ್ತೆಯ ಜೀಪು ಸಿನೆಮಾ

ಡೀಸೆಲ್ ಹೊಗೆಯ ವಾಸನೆ ಬಂದರೆ ನನಗೆ ಈಗಲೂ ಎಲ್ಲೋ ಸಿನೆಮಾ ಶುರುವಾಗುತ್ತಿದೆ ಅನಿಸುತ್ತದೆ. ಕಳೆದ ಬೇಸಗೆಯಲ್ಲಿ ಮಂಗಳೂರಿನ ಹೊರಗಿನ ಒಂದು ಬಯಲಿಗೆ, ಕಾರಿನಲ್ಲೇ ಕೂತು ನೋಡುವ ಸಿನೆಮಾಕ್ಕೆ ಮಗಳು ನನ್ನನ್ನು ಕರೆದುಕೊಂಡು ಹೋದಳು. "ಇದು ಅಮೆರಿಕದಲ್ಲಿ ಶುರುವಾದದ್ದಮ್ಮ, ನಮ್ಮ ಕಡೆ ಹೊಸತು" ಎಂದಳು. ನನ್ನ ತವರೂರು ಕಡಬದಲ್ಲಿ ಅಪ್ಪ ಇದನ್ನು ಯಾವತ್ತೋ ಮಾಡಿದ್ದರು, ಅದಕ್ಕೊಂದು ಹೆಸರಿದೆ ಎಂದು ಗೊತ್ತಿರಲಿಲ್ಲ ಅಷ್ಟೆ.

ಕೊಯ್ಲು ಮುಗಿದ ಗದ್ದೆಯಲ್ಲಿ ಊರೂರು ತಿರುಗುವ ಸಿನೆಮಾದವರು ಬಿಳಿ ಪರದೆ ಕಟ್ಟುತ್ತಿದ್ದರು. ಅಪ್ಪ ಉಪ್ಪಿನಂಗಡಿಗೆ ಜನರನ್ನು ಕೊಂಡುಹೋಗುವ ಸರ್ವಿಸ್ ಜೀಪು ಓಡಿಸುತ್ತಿದ್ದವರು. ಶನಿವಾರ ಕೊನೆಯ ಟ್ರಿಪ್ ಮುಗಿಸಿ ಬಂದು, ತಮ್ಮ ತಂಗಿ ಲೀಲತ್ತೆಯನ್ನು ಎತ್ತಿ ಜೀಪಿನ ಹಿಂಬದಿಯಲ್ಲಿ ಕೂರಿಸುತ್ತಿದ್ದರು. ಎಳವೆಯಲ್ಲೇ ಜ್ವರ ಬಂದು ಅವಳ ಎರಡೂ ಕಾಲು ಹೋಗಿದ್ದವು. ಒಮ್ಮೆ ಪುತ್ತೂರಿನ ಟಾಕೀಸಿಗೆ ಹೊತ್ತುಕೊಂಡು ಹೋದಾಗ ಜನ ಪರದೆ ಬಿಟ್ಟು ಅವಳನ್ನೇ ನೋಡಿದ್ದರಂತೆ. ಗದ್ದೆಯಲ್ಲಿ ಹಾಗಿಲ್ಲ. ಅಪ್ಪ ಜೀಪನ್ನು ರಿವರ್ಸ್ ತೆಗೆದು, ಹಿಂದಿನ ಟರ್ಪಾಲು ಎತ್ತಿ ಕಟ್ಟಿದರೆ ಆಯಿತು, ಪರದೆ ಅವಳ ಎದುರಿಗೇ. ಮಡಿಲಲ್ಲಿ ಬಿಸಿ ನೆಲಗಡಲೆ, ಸುತ್ತ ನಾಲ್ಕಾರು ಹೆಂಗಸರು. ಮುಂದೆ ಎಂತ ಆಗ್ತದೆ ಎಂದು ಅತ್ತೆ ಮೊದಲೇ ಹೇಳುತ್ತಿದ್ದಳು, ಹಾಗೆಯೇ ಆಗುತ್ತಿತ್ತು. "ಜೀಪಲ್ಲಿ ಕೂತ್ರೆ ನಾನೂ ಎಲ್ಲರ ಹಾಗೆ, ಅಲ್ವಾ ಪುಟ್ಟಿ?" ಎಂದು ನಗುತ್ತಿದ್ದಳು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಪುತ್ತೂರು ಪೇಟೆಯ ದರ್ಬೆಯಿಂದ ಸುಜಾತಾ ಎಂಬವಳು ನಮ್ಮ ಶಾಲೆಗೆ ಬಂದಳು. ಅವಳ ರಿಬ್ಬನ್ನು, ಅವಳ ಮಾತು ಎಲ್ಲವೂ ನನಗೆ ಬೇಕಿತ್ತು. ಒಂದು ಶನಿವಾರ ನಾನು ಜೀಪು ಬಿಟ್ಟು ಅವಳ ಚಾಪೆಯಲ್ಲಿ ಕೂತೆ. ಚಾಪೆ ಹಾಸಿದ್ದು ಜೀಪಿನಿಂದ ನಾಲ್ಕು ಹೆಜ್ಜೆ ಆಚೆಗೆ. ಅಪ್ಪ ಚಾ ಕುಡಿಯಲು ಗದ್ದೆಯಾಚೆ ಹೋಗಿದ್ದರು. ಅರ್ಧ ಸಿನೆಮಾದಲ್ಲಿ ಅತ್ತೆ ಕಡಲೆ ಪೊಟ್ಟಣ ಎತ್ತಿ ಹಿಡಿದು "ಪುಟ್ಟೀ" ಎಂದು ಕರೆದಳು. "ಅದು ಯಾರು ಮಾರಾಯ್ತಿ, ನಿಮ್ಮವರಾ?" ಸುಜಾತಾ ಕೇಳಿದಳು. "ಅಲ್ಲಪ್ಪ, ಪಕ್ಕದ ಮನೆಯವರು. ಪಾಪ ಅಂತ ಕರ್ಕೊಂಡು ಬರುದು" ಎಂದೆ. ಜನರೇಟರಿನ ಗದ್ದಲಕ್ಕೆ ದೊಡ್ಡದಾಗಿಯೇ ಹೇಳಬೇಕಾಗಿತ್ತು. ಆದರೆ ಅದೇ ಗಳಿಗೆಗೆ ಜನರೇಟರು ನಿಂತುಹೋಯಿತು. ಇಡೀ ಗದ್ದೆಯ ಕತ್ತಲಿನಲ್ಲಿ ನನ್ನ ಸ್ವರ ಒಂದೇ ಉಳಿಯಿತು. ಯಾರೋ ಟಾರ್ಚು ಹಾಕಿದಾಗ ಅತ್ತೆ ಚಿತ್ರವಿಲ್ಲದ ಪರದೆಯನ್ನು ನೋಡುತ್ತ ಕೂತಿದ್ದಳು. ಪೊಟ್ಟಣ ಕೈಯಲ್ಲೇ ಇತ್ತು.

ಮನೆಯಲ್ಲಿ ಅವಳು ಯಾರಿಗೂ ಹೇಳಲಿಲ್ಲ. ಮುಂದಿನ ಶನಿವಾರ ಅಪ್ಪ ಎತ್ತಲು ಬಂದಾಗ, "ಪರದೆ ನೋಡಿದ್ರೆ ಕಣ್ಣಲ್ಲಿ ನೀರು ಬರ್ತದೆ ಅಣ್ಣ, ನೀವು ಹೋಗಿ ಬನ್ನಿ" ಎಂದಳು. ಮತ್ತೆ ಅವಳು ಸಿನೆಮಾಕ್ಕೆ ಬರಲೇ ಇಲ್ಲ. ನಾನು ಬಂದು ಕತೆ ಹೇಳುತ್ತಿದ್ದೆ, ಅವಳು ನಗಬೇಕಾದಲ್ಲಿ ನಗುತ್ತಿದ್ದಳು. ಆ ದಿನ ಹೇಳಿದ್ದಕ್ಕೆ ತಪ್ಪಾಯಿತು ಎಂಬ ಒಂದು ಮಾತು ಮಾತ್ರ ಬಾಯಿಗೆ ಬರಲಿಲ್ಲ. ನಾನು ಕಾಲೇಜಿಗೆ ಸೇರಿದ ವರ್ಷ, ನನ್ನ ಜಡೆ ಹೆಣೆಯುತ್ತ ಅವಳೇ ಕೇಳಿದಳು: "ಆ ರಿಬ್ಬನ್ನಿನ ಹುಡುಗಿ ಈಗ ಎಲ್ಲಿದ್ದಾಳೆ?"

"ಯಾವ ಹುಡುಗಿ?" ಎಂದೆ.

ಅವಳ ಬೆರಳು ಒಂದು ಕ್ಷಣ ನಿಂತಿತು. "ಯಾರೋ ಇದ್ದಳಲ್ಲ. ಹೋಗಲಿ ಬಿಡು" ಎಂದು ಹೆಣೆದು ಮುಗಿಸಿದಳು. ಆ ಮಳೆಗಾಲ ದಾಟುವ ಮೊದಲೇ ಅವಳು ತೀರಿಕೊಂಡಳು.

ಈಗ ಅಪ್ಪನೂ ಇಲ್ಲ, ಆ ಮನೆಯೂ ಇಲ್ಲ. ನಾನು ಹೇಳಿದ್ದು ಏನೆಂದು ಆ ಮನೆಯಲ್ಲಿ ಗೊತ್ತಿದ್ದದ್ದು ಇಬ್ಬರಿಗೆ. ಅವರಲ್ಲಿ ಕ್ಷಮಿಸಬಹುದಾಗಿದ್ದವಳು ಹೋದಳು, ನಾನು ಉಳಿದೆ.