ಬಾಗಿಲು ಹಿಡಿದವಳ ಹಾಡು

ಮೊನ್ನೆ ಸಾಗರದ ಪಾತ್ರೆ ಅಂಗಡಿಯಲ್ಲಿ ಬಿಲ್ಲು ಬರೆಯುವ ಮುದುಕ ಎರಡು ಹಾಳೆಗಳ ನಡುವೆ ನೀಲಿ ಕಾರ್ಬನ್ ಕಾಗದ ಸೇರಿಸಿದ. ಆ ಎಣ್ಣೆಜಿಡ್ಡಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಕುಕ್ಕರ್ ಕೊಳ್ಳಲು ಹೋದವಳು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಸುಸ್ತಾಗಿದೆ ಅಂದುಕೊಂಡು ಆತ ನೀರು ತರಿಸಿದ. ಸುಸ್ತಲ್ಲ; ಅರವತ್ತು ವರ್ಷ ಹಿಂದಕ್ಕೆ ಹೋದವಳಿಗೆ ವಾಪಸು ಬರಲು ಸ್ವಲ್ಪ ಹೊತ್ತು ಬೇಡವೇ? ಆ ವಾಸನೆ ನನ್ನ ಚಿಕ್ಕತ್ತೆಯ ಬೆರಳುಗಳದ್ದು.

ಹೊಸನಗರದ ಬಸ್ ಸ್ಟ್ಯಾಂಡಿನ ಎದುರು ನಮ್ಮದೊಂದು ಬಾಡಿಗೆ ಮನೆಯಿತ್ತು. ಈಗ ಅಲ್ಲಿ ಮೊಬೈಲ್ ಅಂಗಡಿಗಳ ಸಾಲು, ಹೊಸ್ತಿಲಿದ್ದ ಜಾಗ ಯಾವುದೆಂದು ನನಗೂ ಗೊತ್ತಾಗುವುದಿಲ್ಲ. ಅಪ್ಪ ಸ್ಕೂಲ್ ಮೇಷ್ಟ್ರು. ಅಮ್ಮ, ನಾನು, ಅಪ್ಪನ ತಂಗಿ ಚಿಕ್ಕತ್ತೆ, ಇಷ್ಟೇ ಜನ. ಗಡಿಯಾರ ಇದ್ದರೂ ಅದನ್ನು ಯಾರೂ ನಂಬುತ್ತಿರಲಿಲ್ಲ. ಏಳೂವರೆಯ ತೀರ್ಥಹಳ್ಳಿ ಬಸ್ಸಿಗೆ ಕಾಫಿ, ಒಂಬತ್ತರ ಸಾಗರದ ಬಸ್ಸಿಗೆ ಅನ್ನದ ಎಸರು, ಹೀಗೆ ಹಾರ್ನ್ ಕೇಳಿಕೊಂಡೇ ನಮ್ಮ ಸಂಸಾರ ನಡೆಯುತ್ತಿತ್ತು. ಬೇಸಗೆಯಲ್ಲಿ ಪ್ರತಿ ಬಸ್ಸೂ ಒಂದು ಹಿಡಿ ಕೆಂಪು ಧೂಳನ್ನು ಜಗಲಿಗೆ ಎರಚಿ ಹೋಗುತ್ತಿತ್ತು. ಅದನ್ನು ಗುಡಿಸುವುದು ಚಿಕ್ಕತ್ತೆಯ ಕೆಲಸ. ಆ ವರ್ಷ ಅವಳು ಒಂದೇ ಜಗಲಿಯನ್ನು ದಿನಕ್ಕೆ ಆರೇಳು ಸಲ ಗುಡಿಸುತ್ತಿದ್ದಳು. ಅಮ್ಮ ನೋಡಿ ನೋಡಿ, "ಎಂತ ಮಾರಾಯ್ತಿ, ಜಗಲಿ ಸವೆಸ್ತೀಯಾ?" ಅಂದದ್ದುಂಟು.

ಕಾರಣ ನನಗೆ ಗೊತ್ತಿತ್ತು. ಶರಾವತಿಗೆ ಕಟ್ಟೆ ಕಟ್ಟಿ ನೀರು ನಿಂತ ಹೊಸತು. ಹಳೆಯ ದಾರಿಗಳು ಮುಳುಗಿ ಬಸ್ಸುಗಳೆಲ್ಲ ಸುತ್ತು ಹಾಕಿ ಬರುತ್ತಿದ್ದವು. ಆ ಗಡಿಬಿಡಿಗೆಂದೇ ಬಸ್ಸಿನವರು ವಾಸುದೇವ ಅನ್ನುವ ಹೊಸ ಏಜೆಂಟನನ್ನು ಕಳಿಸಿದ್ದರು. ನಮ್ಮಿಂದ ಮೂರು ಮನೆ ಆಚೆ, ತಾಯಿಯ ಜೊತೆ ಬಿಡಾರ. ಸ್ಟ್ಯಾಂಡಿನಲ್ಲಿ, ನಮ್ಮ ಜಗಲಿಗೆ ನೇರ ಎದುರು, ಒಂದು ಕಾಲು ಕುಂಟುವ ಮೇಜಿನ ಮುಂದೆ ಕೂತು, ತಲೆ ಎತ್ತದೆ, "ಹೆಸರು?" ಅನ್ನುತ್ತ ಕಾರ್ಬನ್ ಇಟ್ಟು ಸೀಟಿನ ಪಟ್ಟಿ ಬರೆಯುತ್ತಿದ್ದ. ಇಡೀ ತಾಲೂಕಿನ ಹೆಸರು ಅವನ ಪಟ್ಟಿಯಲ್ಲಿತ್ತು, ಚಿಕ್ಕತ್ತೆಯದೊಂದು ಬಿಟ್ಟು. ಅಪ್ಪನ ಜೊತೆ ಅವಳು ಸಾಗರಕ್ಕೆ ಹೊರಟ ದಿನವೂ ಆತ ಹೆಸರು ಕೇಳಲಿಲ್ಲ. ಮರ್ಯಾದಸ್ಥ ಪ್ರಾಣಿ. "ಮೇಷ್ಟ್ರು, ಮೇಷ್ಟ್ರ ತಂಗಿ" ಎಂದು ತಾನೇ ಬರೆದುಕೊಂಡ. ಅವಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮೂರನೆಯ ದಿನ ನನ್ನನ್ನು ಕರೆದು, ಏಜೆಂಟರ ಮೇಜಿನ ಕೆಳಗೆ ಬಿದ್ದ ಹಳೇ ಕಾರ್ಬನ್ ಆರಿಸಿ ತಾ ಅಂದಳು. ಹಿತ್ತಿಲ ಮೆಟ್ಟಿಲ ಮೇಲೆ ಕೂತು, ನನ್ನ ಕಾಪಿ ಪುಸ್ತಕದ ಹಾಳೆ ಹರಿದು, ನಡುವೆ ಅದನ್ನಿಟ್ಟು ಬರೆದಳು. ಒಂದು ಪ್ರತಿ ಕೊಡುವುದಕ್ಕೆ, ಇನ್ನೊಂದು ಇಟ್ಟುಕೊಳ್ಳುವುದಕ್ಕೆ. ಅವಳಿಗೆ ಗೊತ್ತಿದ್ದದ್ದು ಮದುವೆಮನೆಯ ಹೆಂಗಸರ ಹಾಡಿನ ಧಾಟಿಯೊಂದೇ. ಪ್ರೀತಿಯನ್ನೂ ಅದರಲ್ಲೇ ಕೂರಿಸಬೇಕಾಯಿತು.

ಬಸ್ಸಿನ ಸದ್ದಿಗೆ ಏಳ್ಸಲ ಎದ್ದೇನೆ
ಹೊಸ್ತಿಲ ತನಕ ಬಂದೇನೆ, ಬಂದೋಳ
ಹೆಸರೊಂದ ಕೇಳೋ ಜಾಣಯ್ಯ

ಊರೋರ ಹೆಸರೆಲ್ಲ ಬರೆದಿಟ್ಟ ಕೈಯೋನೆ
ಮೂರ್ಮನೆ ದೂರ ನಾನಿದ್ದೆ, ನನ್ಹೆಸರ
ಬರೆಯೋಕೆ ಶಾಯಿ ಸಾಲ್ದೇನೊ

ಬೇರೆಯವರ ಬಾಯಲ್ಲಿ ಹೇಗೆ ಕೇಳಿಸುತ್ತದೆಂದು ತಿಳಿಯಲು ನನ್ನಿಂದ ಹಾಡಿಸಿದಳು. "ಬೇಗ ಬೇಗ ಹೇಳೆ, ಬಸ್ಸು ಹೊರಟುಹೋಗತ್ತೆ" ಅನ್ನುತ್ತಿದ್ದಳು. ಆಮೇಲೆ ತಲೆ ಮುಟ್ಟಿಸಿ ಆಣೆ ಹಾಕಿಸಿದಳು, ಯಾರಿಗೂ ಹೇಳಕೂಡದೆಂದು. ಆ ಕಾಗದವನ್ನು ಸೆರಗಿಗೆ ಗಂಟು ಹಾಕಿಕೊಂಡು ಎಷ್ಟು ಸಲ ಮೆಟ್ಟಿಲಿಳಿದಳೋ! ರಸ್ತೆಯ ಅರ್ಧಕ್ಕೆ ಹೋಗಿ, ಯಾರೋ ಕೆಮ್ಮಿದರೆ ಸಾಕು, ತಿರುಗಿ ಬಂದು ಮತ್ತೆ ಪೊರಕೆ ಹಿಡಿಯುತ್ತಿದ್ದಳು. ನಾಳೆ ಕೊಡ್ತೀನಿ, ನಾಳೆ ಕೊಡ್ತೀನಿ ಅನ್ನುತ್ತ ಮಾಘ ಕಳೆಯಿತು.

ಅಷ್ಟರಲ್ಲಿ ಪಕ್ಕದ ಮನೆಯ ಹುಡುಗ ತೀರ್ಥಹಳ್ಳಿಯಿಂದ ಹೆಂಡತಿಯನ್ನು ತಂದ. ಹೊಸ ಜೋಡಿ ಮನೆ ಹೊಗುವಾಗ ಗಂಡಿನ ತಂಗಿಯರು ಬಾಗಿಲು ಹಿಡಿಯಬೇಕು. ಗಂಡ ಹೆಂಡಿರು ಒಬ್ಬರ ಹೆಸರನ್ನೊಬ್ಬರು ಹೇಳಿದರೇ ದಾರಿ ಬಿಡುವುದು. ಅದಕ್ಕೆ ಮೊದಲು ಎರಡೂ ಕಡೆಯ ಹೆಂಗಸರ ನಡುವೆ ಹಾಡಿನ ಜಗಳ. ಆವತ್ತು ತೀರ್ಥಹಳ್ಳಿಯವರು ಹಾಡಿನ ಮೇಲೆ ಹಾಡು ಹೇಳಿ ನಮ್ಮವರ ಬಾಯಿ ಮುಚ್ಚಿಸಿದರು. "ಎಂತ, ಹೊಸನಗರದಲ್ಲಿ ಹಾಡಿಗೂ ಬರವಾ?" ಎಂದು ಒಬ್ಬಾಕೆ ನಕ್ಕಳು. ನನಗೆ ಹತ್ತು ವರ್ಷ, ಮೈಯೆಲ್ಲ ಉರಿಯಿತು. ಹೊಸ್ತಿಲೂ ಇದೆ, ಹೆಸರು ಕೇಳುವುದೂ ಇದೆ, ಇದಕ್ಕಿಂತ ಹೊಂದುವ ಹಾಡು ಯಾವುದಿದ್ದೀತು? ಹಾಡಿಯೇಬಿಟ್ಟೆ, ಎರಡೂ ನುಡಿ. ನಮ್ಮವರು ಗೆದ್ದರು. ತೀರ್ಥಹಳ್ಳಿಯ ಹೆಂಗಸರು ನನ್ನ ಗಲ್ಲ ಹಿಂಡಿ, ಮತ್ತೆ ಮತ್ತೆ ಹೇಳಿಸಿ, ತಮ್ಮ ಹಾಡಿನ ಪುಸ್ತಕಕ್ಕೆ ಬರೆದುಕೊಂಡರು. ಒಳಗೆ ಕಾಯಿ ತುರಿಯುತ್ತಿದ್ದ ಚಿಕ್ಕತ್ತೆ ಬಾಗಿಲ ಸಂದಿಯಲ್ಲಿ ಬಂದು ನಿಂತಿದ್ದಳು. ಬಯ್ಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ನನ್ನ ಹೊಟ್ಟೆಯಲ್ಲಿ ಇದು ಹೀಗೆ ಕೂತಿರುತ್ತಿರಲಿಲ್ಲ. ಊರ ಹಾಡಾದದ್ದನ್ನು ಇನ್ನು ಅವನಿಗೆ ಕೊಡುವುದು ಹೇಗೆ? ಸೆರಗಿನ ಗಂಟು ಆವತ್ತೇ ಬಿಚ್ಚಿತು.

ಆ ನೆಂಟರ ಬಳಗದಲ್ಲೇ ವಾಸುದೇವನಿಗೆ ಹೆಣ್ಣು ಗೊತ್ತಾಯಿತು. ವೈಶಾಖದಲ್ಲಿ ಮದುವೆ. ದಿಬ್ಬಣ ತಿರುಗಿ ಬಂದ ದಿನ ಅವನ ತಾಯಿ ನಮ್ಮ ಮನೆಗೆ ಓಡಿ ಬಂದರು. "ನನ್ನ ಮಗಂಗೆ ತಂಗಿ ಇಲ್ಲ. ನೀನೇ ಬಾಗಿಲು ಹಿಡೀಬೇಕು ಮಗಾ" ಎಂದು ಚಿಕ್ಕತ್ತೆಯ ಕೈ ಹಿಡಿದುಕೊಂಡರು. ಇಲ್ಲ ಅನ್ನಲು ಯಾವ ಕಾರಣ ಹೇಳುತ್ತಾಳೆ?

ಹೊಸ್ತಿಲಿಗೆ ಅಡ್ಡ ಕೈ ಚಾಚಿ ನಿಂತಳು. ಹಸಿರು ಸೀರೆ ಉಟ್ಟಿದ್ದಳು. ಹೆಣ್ಣಿನ ಕಡೆಯವರು ಪುಸ್ತಕ ತೆಗೆದರು. ನನಗೆ ಮೊದಲೇ ಗೊತ್ತಾಗಿ ಅಮ್ಮನ ಬೆನ್ನ ಹಿಂದೆ ಅಡಗಿದೆ. ಅದೇ ಹಾಡು. ಮದುವೆಹಾಡಿನ ಹಾಗೆ ಎಳೆದೆಳೆದು, ಆರತಿ ಎತ್ತುವಷ್ಟು ನಿಧಾನವಾಗಿ ಹಾಡಿದರು. 'ಊರೋರ ಹೆಸರೆಲ್ಲ ಬರೆದಿಟ್ಟ ಕೈಯೋನೆ' ಬಂದಾಗ ಯಾರೋ, "ಏಜೆಂಟ್ರಿಗೇ ಕಟ್ಟಿದ ಹಾಗೆ ಉಂಟಲ್ರೇ!" ಅಂದರು. ಎಲ್ಲರೂ ಗೊಳ್ಳೆಂದರು. ಮದುಮಗನೂ ನಕ್ಕ. ಹೆಂಡತಿಯ ಹೆಸರು ಹೇಳಿದ, ಅವಳೂ ಹೇಳಿದಳು. ಬಾಗಿಲು ಹಿಡಿದವಳಿಗೆ ಕೊಡುವ ರವಿಕೆ ಕಣವನ್ನು ಚಾಚುತ್ತ, ನಗು ಇನ್ನೂ ಮುಖದಲ್ಲಿರುವಾಗಲೇ, "ಅಲ್ಲಾ, ಇಷ್ಟು ದಿನ ಆಯ್ತು, ನಿಮ್ಮ ಹೆಸರೇ ಕೇಳ್ಲಿಲ್ಲ ನೋಡಿ ನಾನು. ಎಂತ ಹೆಸರು?" ಅಂದ.

ಚಿಕ್ಕತ್ತೆ ಕೈ ಇಳಿಸಿದಳು. "ಮದುಮಗಳು ನಿಂತು ನಿಂತು ಸುಸ್ತಾಗಿದ್ದಾಳೆ. ಒಳಗೆ ಬನ್ನಿ" ಅಂದಳು.

ಮನೆಗೆ ಬರುವಾಗ ಹೊಡೆತ ಬೀಳುತ್ತದೆಂದು ನಾನು ಎರಡು ಮಾರು ಹಿಂದೆಯೇ ನಡೆದೆ. ಅವಳು ನಿಂತು, ನನ್ನ ಕೈ ಹಿಡಿದುಕೊಂಡು ಹೇಳಿದ್ದು ಇಷ್ಟೇ: "ತುಂಬ ನಿಧಾನ ಹೇಳಿದ್ರು ಕಣೆ ಅವ್ರು. ಅದು ಅಷ್ಟು ನಿಧಾನದ ಹಾಡಲ್ಲ."

ಮರುವರ್ಷ ಅವಳನ್ನು ಹುಲಿಕಲ್ ಕಡೆ ಕೊಟ್ಟರು. ಒಳ್ಳೆಯ ಸಂಸಾರವೇ ಮಾಡಿದಳು. ಮಕ್ಕಳು, ಮೊಮ್ಮಕ್ಕಳನ್ನು ಕಂಡು ಹೋದಳು. ನಾನು ತಪ್ಪಾಯಿತು ಅನ್ನಲೇ ಇಲ್ಲ. ಅವಳೂ ಮತ್ತೆ ಆ ಮಾತು ತೆಗೆಯಲಿಲ್ಲ. ಹಾಡು ಮಾತ್ರ ಮೂರೂ ತಾಲೂಕು ಸುತ್ತಿ, ಈಗ ಛತ್ರಗಳಲ್ಲಿ ಮೈಕಿನಲ್ಲಿ ಬರುತ್ತದೆ, ಹಾಗೇ ಎಳೆದೆಳೆದು. ಹೋದ ವರ್ಷ ಒಂದು ಮದುವೆಯಲ್ಲಿ ತಡೆಯಲಾರದೆ ನಾನು ಅವಸರವಾಗಿ ಹಾಡತೊಡಗಿದಾಗ ಹುಡುಗಿಯರು ನಕ್ಕು, "ಎಂತಕ್ಕೆ ಓಡ್ತೀರಿ ಅಜ್ಜಿ? ಇದು ಜನಪದ, ನಿಧಾನ ಹೇಳ್ಬೇಕು" ಎಂದು ನನಗೇ ಪಾಠ ಮಾಡಿದರು. ಕಟ್ಟಿದವರು ಯಾರೆಂದು ಒಬ್ಬರೂ ಕೇಳಲಿಲ್ಲ.

ನೀವೂ ಕೇಳಲಿಲ್ಲ. ಆದರೂ ಹೇಳುತ್ತೇನೆ. ಅವಳ ಹೆಸರು ಪದ್ಮಾವತಿ.